ಭಾನುವಾರದ ಪರೀಕ್ಷೆಗೆ ಒಂದು ಸೋರಿಕೆ

ಇನ್ಸಾಫ್ ತನ್ನ ನಲವತ್ತೇಳು ವರ್ಷದ ಬಾಳಿನಲ್ಲಿ ಕುಚೋದ್ಯವೇ ಇಲ್ಲದ ಪತ್ರ ಬರೆದದ್ದು ಒಂದೇ ಒಂದು. ಅವಳ ಕುತ್ತಿಗೆಗೆ ಬಂದದ್ದೂ ಅದೇ.

ಅವಳ ಊರು ಮಿನ್ಯತ್ ಅಲ್-ತೂತ್. ಈಜಿಪ್ಟಿನ ನಕ್ಷೆಯಲ್ಲಿ ಹುಡುಕಿದರೆ ಸಿಗುವಷ್ಟು ದೊಡ್ಡದೇನಲ್ಲ. ತೂತ್ ಎಂದರೆ ಅಲ್ಲಿಯವರಿಗೆ ಹಿಪ್ಪುನೇರಳೆ ಹಣ್ಣು. ನಮ್ಮ ಕಿವಿಗೆ ಬೇರೇನೋ ಕೇಳಿಸಿದರೆ ಅದು ಕಿವಿಯ ತಪ್ಪಲ್ಲ. ಯಾಕೆಂದರೆ ಇನ್ಸಾಫಳ ಬದುಕು ನಡೆಯುತ್ತಿದ್ದದ್ದೇ ತೂತುಗಳ ಮೇಲೆ. ಊರಿನ ಕೈಗಾರಿಕಾ ಶಾಲೆಯಲ್ಲಿ ಅವಳು ಫ್ರಿಜ್ಜು, ಏಸಿಗಳ ವಿಭಾಗದ ಮುಖ್ಯಸ್ಥೆ. ಕೂದಲೆಳೆಗಿಂತ ಸಣ್ಣ ತೂತಿನಿಂದ ಗ್ಯಾಸು ಎಲ್ಲಿ ಸೋರುತ್ತಿದೆಯೆಂದು ಪತ್ತೆ ಮಾಡಲು ಹುಡುಗರಿಗೆ ಹದಿನೆಂಟು ವರ್ಷಗಳಿಂದ ಕಲಿಸುತ್ತಿದ್ದಳು. ಶಾಲೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಅಬ್ಲಾ ಎಂದು. ಅಬ್ಲಾ ಎಂದರೆ ಟೀಚರಮ್ಮ. ಅಬಲೆಯಂತೂ ಅಲ್ಲವೇ ಅಲ್ಲ.

ಅವಳಿಗಿದ್ದ ಒಂದು ಚಟವೆಂದರೆ ಅಣಕ. ಹಳೇ ಕಂಪ್ರೆಸರು ಕೆಮ್ಮಿ ಕೆಮ್ಮಿ ಚಾಲೂ ಆಗುವುದನ್ನು ಅವಳು ಗಂಟಲಲ್ಲೇ ಮಾಡಿ ತೋರಿಸಿದರೆ ಹುಡುಗರು ಪ್ಲಗ್ ಹಾಕಿದವರು ಯಾರೆಂದು ತಿರುಗಿ ನೋಡುತ್ತಿದ್ದರು. ಹೆಡ್‌ಮಾಸ್ಟರ್ ಹಾಜಿ ಬಖೀತ್ ಯಾವ ಮಾತನ್ನೇ ಆಡಲಿ, ಕೊನೆಯ ಪದವನ್ನು ಎರಡು ಸಲ ಹೇಳುತ್ತಿದ್ದರು. ಅವಳು ಅದನ್ನು ಅವರೆದುರೇ ಮಾಡಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ, ಒಪ್ಪಿಗೆ ಎಂದುಕೊಂಡು ತಲೆಯಾಡಿಸುತ್ತಿದ್ದರು. ಮೂರು ವರ್ಷದ ಹಿಂದೆ ಮಾತ್ರ ಒಂದು ಮದುವೆಯಲ್ಲಿ ಜಿಲ್ಲಾ ಶಿಕ್ಷಣ ಕಚೇರಿಯ ಉಪಕಾರ್ಯದರ್ಶಿಯ ಸೀನು ಸೀನಿ ತೋರಿಸಿದಳು. ಮೂರಂತಸ್ತಿನ ಸೀನು ಅದು: ನೆಲಮಾಳಿಗೆಯಲ್ಲಿ ಶುರುವಾಗಿ ಮಹಡಿ ಹತ್ತಿ ತಾರಸಿಯಲ್ಲಿ ಸಿಡಿಯುವಂಥದ್ದು. ಉಪಕಾರ್ಯದರ್ಶಿ ಹಿಂದಿನ ಮೇಜಿನಲ್ಲೇ ಊಟಕ್ಕೆ ಕೂತಿದ್ದರು. ಅಂದಿನಿಂದ ಅವಳ ಕಡತದಲ್ಲಿ ಕೆಂಪು ಶಾಯಿಯ ಒಂದು ಎಚ್ಚರಿಕೆ ಕೂತಿತು. ಇನ್ನೊಮ್ಮೆ ಇಂಥ ಹುಡುಗಾಟ ಕಂಡರೆ ಫರಾಫ್ರಾಕ್ಕೆ ವರ್ಗ.

ಫರಾಫ್ರಾ ಎಂದರೆ ಮರುಭೂಮಿಯ ನಡುವಿನ ಓಯಸಿಸ್. ಅಲ್ಲಿಯ ಶಾಲೆಯಲ್ಲಿ ಶೈತ್ಯ ವಿಭಾಗವಿಲ್ಲ. ಸೂರ್ಯ ಮುಳುಗಿದರೆ ಮರುಭೂಮಿ ತಾನಾಗಿಯೇ ತಣ್ಣಗಾಗುತ್ತದೆ, ಮೇಷ್ಟ್ರು ಬೇಕಿಲ್ಲ. ಅವಳು ಹೋದರೆ ವರ್ಕ್‌ಶಾಪಿನ ಬೀಗದ ಕೈ ಮರಗೆಲಸದ ಮೇಷ್ಟ್ರ ಕೈಗೆ. ಆತ ಈಗಾಗಲೇ ಎರಡು ಸಲ ಬಂದು, ಗೋಡೆಗಳ ಅಳತೆ ತೆಗೆದುಕೊಂಡು ಹೋಗಿದ್ದ.

ಇನ್ನು ಆ ಪತ್ರದ ಸಂಗತಿ.

ವರ್ಕ್‌ಶಾಪಿನಲ್ಲಿ ಗ್ಯಾಸು ಹುಡುಕುವ ಕೈಯಂತ್ರಗಳು ಎಂಟಿದ್ದವು. ಟಾರ್ಚಿನಂಥ ಹಿಡಿ, ಅದರ ತುದಿಗೆ ಬಾತುಕೋಳಿಯ ಕುತ್ತಿಗೆಯಂತೆ ಬಾಗುವ ಕೊಳವೆ, ಕೊಳವೆಯ ತುದಿಯಲ್ಲಿ ಮೂಸುವ ಮೊನೆ. ಗುಂಡಿ ಒತ್ತಿದರೆ ಸೋರುವ ನಲ್ಲಿಯಂತೆ ಟಿಕ್, ಟಿಕ್ ಎನ್ನುತ್ತಿರುತ್ತದೆ. ಗ್ಯಾಸಿನ ವಾಸನೆ ಹತ್ತಿತೋ, ಟಿಕ್ಕುಗಳು ಒಂದರ ಮೇಲೊಂದು ಬಿದ್ದು ಚೀರಾಟವಾಗುತ್ತದೆ. ಹುಡುಗರು ಇವನ್ನು ಮೂಗು ಎನ್ನುತ್ತಿದ್ದರು. ಒಂದನೇ ಮೂಗು, ಎರಡನೇ ಮೂಗು, ಹೀಗೆ. ಆದರೆ ಮೂಗಿದ್ದರೆ ಸಾಲದು, ಮೂಗಿನ ಚುರುಕನ್ನು ಆಗಾಗ ಪರೀಕ್ಷಿಸಬೇಕು. ಅದಕ್ಕೆಂದೇ ಅಂಗೈಯುದ್ದದ ಒಂದು ಬಾಟಲಿ. ಅದರ ಬಾಯಲ್ಲಿ ಬೇಕೆಂದೇ ಕೊರೆದಿಟ್ಟ ತೂತು. ಆ ತೂತಿನಿಂದ ವರ್ಷಕ್ಕೆ ಐದು ಗ್ರಾಂ ಗ್ಯಾಸು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ, ಸದಾ ಸೋರುತ್ತಿರುತ್ತದೆ. ಅದರ ಮುಂದೆ ಹಿಡಿದಾಗ ಕೂಗಿದ ಮೂಗು ಪಾಸು, ಸುಮ್ಮನಿದ್ದದ್ದು ಫೇಲು. ಆ ಬಾಟಲಿಯ ಹೆಸರೇ ವರ್ಕ್‌ಶಾಪಿನಲ್ಲಿ ‘ಸೋರಿಕೆ’. ‘ಸೋರಿಕೆ ಎಲ್ಲಿಟ್ಟೆ ಕಣೋ?’ ‘ಸೋರಿಕೆ ಪಕ್ಕ ಚಹಾ ಇಡ್ಬೇಡ.’

ಸೋಮವಾರ ಇಪ್ಪತ್ತೆರಡು ಹುಡುಗರಿಗೆ ಪ್ರಾಯೋಗಿಕ ಪರೀಕ್ಷೆ. ಅದಕ್ಕೆ ಮೊದಲು ಭಾನುವಾರ ಎಂಟು ಮೂಗುಗಳ ಪರೀಕ್ಷೆ ಮುಗಿಯಬೇಕು. ಬಾಟಲಿ ತೆಗೆದು ನೋಡಿದರೆ ಬರಿದೋ ಬರಿದು. ಇನ್ಸಾಫ್ ಕೂತು, ಫರಾಫ್ರಾವನ್ನು ನೆನೆದು, ಇರುವ ಗಾಂಭೀರ್ಯವನ್ನೆಲ್ಲ ಒಟ್ಟುಮಾಡಿ, ಜಿಲ್ಲಾ ಕಚೇರಿಗೆ ಹೀಗೆ ಬರೆದಳು:

‘ವಿಷಯ: ಭಾನುವಾರದ ಪರೀಕ್ಷೆಗೆ ಸೋರಿಕೆಯ ಪೂರೈಕೆ. ಮಾನ್ಯರೇ, ನಮ್ಮಲ್ಲಿರುವುದು ಹೋದ ವರ್ಷದ ಸೋರಿಕೆ, ಅದರಲ್ಲಿ ಈಗ ಏನೂ ಉಳಿದಿಲ್ಲ. ಆದುದರಿಂದ ವರ್ಷಕ್ಕೆ ಐದು ಗ್ರಾಂನ, ಮೊಹರು ಒಡೆಯದ, ನಂಬಿಕೆಗೆ ಅರ್ಹವಾದ ಹೊಸ ಸೋರಿಕೆಯೊಂದನ್ನು ಭಾನುವಾರದೊಳಗೆ ಕಳುಹಿಸಿಕೊಡಬೇಕು. ತಡವಾದರೆ ವಿದ್ಯಾರ್ಥಿಗಳಿಗೆ ತೊಂದರೆ.’

ಗ್ಯಾಸು ಎಂಬ ಪದ ಎಲ್ಲಿಯೂ ಇರಲಿಲ್ಲ. ಹದಿನೆಂಟು ವರ್ಷ ಗ್ಯಾಸಿನಲ್ಲೇ ಕಳೆದವಳಿಗೆ ಅದನ್ನು ಬೇರೆ ಹೇಳಬೇಕೆಂದು ಹೊಳೆಯಲೂ ಇಲ್ಲ.

ಅದು ಜೂನ್ ತಿಂಗಳು. ಆ ಭಾನುವಾರವೇ ದೇಶದ ಪ್ರೌಢಶಾಲೆಯ ಮಕ್ಕಳಿಗೆಲ್ಲ ಭೌತಶಾಸ್ತ್ರದ ಪರೀಕ್ಷೆ. ಪ್ರಶ್ನೆಪತ್ರಿಕೆ ಸೋರಿತಂತೆ ಎಂದು ಕಲ್ಲಂಗಡಿ ಗಾಡಿಯವನು ಅಂದರೂ ಸಾಕು, ಬೀದಿಯಲ್ಲಿ ಹೋಗುವವರೆಲ್ಲ ಫೋನು ತೆಗೆದು ನೋಡುವ ಕಾಲ. ಅಂಥ ವಾರದಲ್ಲಿ ಕಚೇರಿಯ ಮೇಜಿನ ಮೇಲೆ ಈ ಪತ್ರ ಬಿಚ್ಚಿಕೊಂಡಿತು.

ಗುರುವಾರ ಬೆಳಿಗ್ಗೆ ಹಾಜಿ ಬಖೀತ್ ವರ್ಕ್‌ಶಾಪಿನ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತರು. ಕೈಯಲ್ಲಿ ಅರ್ಧ ತಿಂದ ಬೀನ್ಸ್ ರೊಟ್ಟಿ.

‘ಅಬ್ಲಾ, ಕಾರು ಬಂದಿದೆ, ಕಾರು. ಲೀಗಲ್ ವಿಭಾಗದ ಶೌಕತ್ ಬೇ, ಶೌಕತ್ ಬೇ. ನೀನು ಏನ್ ಬರ್ದೆ, ಬರ್ದೆ?’

‘ಸೋರಿಕೆ ಕಳ್ಸಿ ಅಂತ ಬರ್ದೆ ಹಾಜೀ. ಅದ್ನ ಕೊಡೋಕೆ ಲೀಗಲ್‌ನವ್ರು ಯಾಕೆ ಬಂದ್ರು?’

‘ಕೊಡೋಕಲ್ಲ ತಾಯೀ, ಹಿಡಿಯೋಕೆ, ಹಿಡಿಯೋಕೆ.’ ಅವರು ದನಿ ಇಳಿಸಿದರು. ‘ವರ್ಗಾವಣೆ ಪತ್ರ ಟೈಪಾಗಿದೆ. ತಾರೀಕು ಒಂದೇ ಖಾಲಿ, ಖಾಲಿ. ಇವತ್ತೊಂದು ದಿನ ನಗಿಸ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಬೀಳ್ತೀನಿ.’

‘ಎರಡು ಸಲ ಬೀಳ್ಬೇಡಿ ಹಾಜೀ, ಮಂಡಿ ನೋವು ನಿಮ್ಗೆ,’ ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. ‘ಇಲ್ಲ, ನಗಿಸಲ್ಲ.’

ಶೌಕತ್ ಬೇ ಬಂದರು. ಬೇ ಎಂದರೆ ಅಲ್ಲಿ ಸಾಹೇಬರು. ಆ ಸೆಕೆಯಲ್ಲೂ ಕೋಟು. ಮಾತು ಪೂರ್ತಿ ಗ್ರಾಂಥಿಕ. ಮನೆಯಲ್ಲಿ ಉಪ್ಪಿನಕಾಯಿ ಕೇಳುವಾಗಲೂ ವಿಭಕ್ತಿ ಪ್ರತ್ಯಯ ಬಿಡುವವರಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಹಿಂದಿನಿಂದ ದೊಡ್ಡ ದಫ್ತರ ಹಿಡಿದ ಮುದಿ ಗುಮಾಸ್ತ, ರಿಝ್ಕಲ್ಲಾ. ವಯಸ್ಸಿಗೆ ಗೌರವವಿಟ್ಟು ಎಲ್ಲರೂ ಅವರನ್ನು ಅಮ್ಮ್ ರಿಝ್ಕಲ್ಲಾ ಎನ್ನುವರು. ಅಮ್ಮ್ ಎಂದರೆ ಅಲ್ಲಿ ಚಿಕ್ಕಪ್ಪ. ಈ ಅಮ್ಮನಿಗೆ ಗುಬ್ಬಿ ಗೂಡು ಕಟ್ಟುವಷ್ಟು ಮೀಸೆ. ಮೂವತ್ತೈದು ವರ್ಷದಲ್ಲಿ ಯಾರ ಯಾವ ಮಾತನ್ನೂ ಬಿಡದೆ ಬರೆದುಕೊಂಡ ಮನುಷ್ಯ ಎಂದು ಜಿಲ್ಲೆಯಲ್ಲೆಲ್ಲ ಹೆಸರು.

ವರ್ಕ್‌ಶಾಪಿನ ಮೇಜಿನ ಮೇಲೆ ದಫ್ತರ ತೆರೆದುಕೊಂಡಿತು. ಶೌಕತ್ ಬೇ ಸುತ್ತಲಿನ ಬಿಚ್ಚಿದ ಫ್ರಿಜ್ಜುಗಳನ್ನು ಕಣ್ಣಲ್ಲೇ ಬಂಧಿಸಿ, ಕುರ್ಚಿಯಲ್ಲಿ ಕೂತು, ಕೇಳಿದರು:

‘ಸೋರಿಕೆಯ ವ್ಯವಹಾರದಲ್ಲಿ ತಾವು ಎಷ್ಟು ವರ್ಷಗಳಿಂದ ತೊಡಗಿದ್ದೀರಿ?’

‘ಹದಿನೆಂಟು ವರ್ಷ ಆಯ್ತು ಬೇ. ಡಿಪ್ಲೊಮಾ ಮಾಡಿದ್ದೇ ಅದ್ರಲ್ಲಿ.’

ಅಮ್ಮ್ ರಿಝ್ಕಲ್ಲಾರ ಪೆನ್ನು ಸರಸರ ಓಡಿತು. ಹಾಜಿ ಬಖೀತ್ ಕಣ್ಣು ಮುಚ್ಚಿಕೊಂಡರು.

‘ಇದನ್ನು ತಪ್ಪೊಪ್ಪಿಗೆಯೆಂದು ಪರಿಗಣಿಸಬಹುದೇ?’

‘ಸಿಲಬಸ್ ಅಂತ ಪರಿಗಣಿಸಿ ಬೇ. ಎರಡನೇ ವರ್ಷದ ಮೂರನೇ ಪಾಠ.’

‘ಹೋದ ವರ್ಷದ ಸೋರಿಕೆ ತಮಗೆ ಯಾರಿಂದ ಒದಗಿತು?’

‘ನಿಮ್ಮ ಆಫೀಸಿಂದಾನೇ. ಪಾರ್ಸೆಲಲ್ಲಿ ಬಂತು.’

ಶೌಕತ್ ಬೇ ಕಡತದ ಒಂದು ಹಾಳೆ ಮಗುಚಿದರು. ‘ಅದನ್ನು ಆಮೇಲೆ ನೋಡೋಣ,’ ಎಂದು ಗುಮಾಸ್ತರ ಕಡೆ ತಿರುಗಿದರು. ‘ನೋಡೋಣ ಎಂಬುದನ್ನು ಬರೆಯಬೇಡಿ.’

‘ಬರೆಯಬೇಡಿ,’ ಎಂದು ಅಮ್ಮ್ ರಿಝ್ಕಲ್ಲಾ ಬರೆದುಕೊಂಡರು.

‘ಆ ಸೋರಿಕೆ ಎಷ್ಟು ವಿದ್ಯಾರ್ಥಿಗಳನ್ನು ತಲುಪಿತು?’

‘ಹೋದ ವರ್ಷಾನೂ ಇಪ್ಪತ್ತೆರಡೇ. ಒಬ್ಬೊಬ್ಬನ ಕೈ ಹಿಡ್ದು ತೋರಿಸಿದೀನಿ. ಒಬ್ಬನೂ ಫೇಲಾಗಿಲ್ಲ.’

‘ಒಬ್ಬನೂ... ಫೇಲಾಗಿಲ್ಲ,’ ಶೌಕತ್ ಬೇ ಬರೆಯಲು ಅನುಕೂಲವಾಗುವಂತೆ ಬಿಡಿಸಿ ಹೇಳಿದರು. ‘ಅದನ್ನು ಎಲ್ಲಿ ಬಚ್ಚಿಡುತ್ತಿದ್ದಿರಿ?’

‘ಒಂದೊಂದ್ಸಲ ಒಂದೊಂದು ಕಡೆ. ಫ್ರಿಜ್ ಹಿಂದೆ, ಏಸಿ ಒಳಗೆ. ಹುಡುಗ್ರು ಹುಡುಕೋದನ್ನ ಕಲೀಬೇಕಲ್ಲ.’

‘ಅವರು ತಾವಾಗಿ ಹುಡುಕಿಕೊಳ್ಳುತ್ತಿದ್ದರೇ?’

‘ಮೂಗು ಇದೆಯಲ್ಲ ಬೇ.’

ಒಂದೊಂದು ಉತ್ತರ ಬಾಯಿಂದ ಬಿದ್ದಾಗಲೂ ಇನ್ಸಾಫಳಿಗೆ ಅದರ ಎರಡನೇ ಅರ್ಥ ಅರ್ಧ ಕ್ಷಣ ತಡವಾಗಿ ಕೇಳಿಸುತ್ತಿತ್ತು. ಇಷ್ಟು ವರ್ಷ ಬೇಕೆಂದೇ ಎರಡರ್ಥದ ಮಾತು ಹೆಣೆದು ಚಪ್ಪಾಳೆ ಗಿಟ್ಟಿಸಿದವಳು, ಇಂದು ಒಂದೇ ಅರ್ಥದ ಮಾತಿಗೆ ಬೆವರು ಸುರಿಸಬೇಕಾಗಿತ್ತು. ನಾಲಿಗೆ ಅವಳದೇ, ಆದರೆ ಮಾತೆಲ್ಲ ಎದುರು ಪಕ್ಷಕ್ಕೆ ಸೇರಿಹೋಗಿತ್ತು.

‘ಐದು ಗ್ರಾಂ ಎಂಬುದು ಯಾವುದರ ಸಂಕೇತ?’

‘ಸಂಕೇತ ಅಲ್ಲ ಬೇ, ತೂಕ.’

‘ಯಾವುದರ ತೂಕ?’

ಅವಳು ಬಾಯಿ ತೆರೆಯುವ ಮೊದಲೇ ಅಮ್ಮ್ ರಿಝ್ಕಲ್ಲಾ ಪೆನ್ನು ಕೆಳಗಿಟ್ಟು ಕೆಮ್ಮಿದರು. ಕಾಗದದ ನಡುವೆ ಮೀಸೆ ಹಣ್ಣು ಮಾಡಿಕೊಂಡ ಮನುಷ್ಯ. ‘ಬೇ, ನಮ್ಮ ಆಫೀಸಿನ ಕಾಗದ ಚದರ ಮೀಟರಿಗೆ ಎಂಬತ್ತು ಗ್ರಾಂದು. ಚದರ ಮೀಟರಿಗೆ ಹದಿನಾರು ಹಾಳೆ. ಲೆಕ್ಕ ಹಾಕಿ. ಒಂದು ಹಾಳೆ ಸರಿಯಾಗಿ ಐದು ಗ್ರಾಂ ತೂಗತ್ತೆ.’

ಶೌಕತ್ ಬೇ ಕಡತದಿಂದ ಒಂದು ಹಾಳೆ ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು.

‘ವರ್ಷಕ್ಕೆ ಒಂದು ಹಾಳೆ,’ ಎಂದರು ಶೌಕತ್ ಬೇ ನಿಧಾನಕ್ಕೆ. ‘ವರ್ಷಕ್ಕೊಂದು ಪ್ರಶ್ನೆಪತ್ರಿಕೆ.’

ಇನ್ಸಾಫಳ ಬೆನ್ನಿನಲ್ಲಿ ಫರಾಫ್ರಾದ ಮರಳು ಇಳಿಯಿತು. ಇಷ್ಟು ಚೆಂದದ ಕಾಕತಾಳೀಯ ತನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚೂ, ಆ ಗಳಿಗೆಯಲ್ಲೂ, ಒಂದಿಷ್ಟು ಆಯಿತು.

‘ಗ್ಯಾಸ್ ಬೇ, ಗ್ಯಾಸು. ಫ್ರಿಜ್ಜಲ್ಲಿ ಇರತ್ತಲ್ಲ, ತಣ್ಣಗೆ ಮಾಡತ್ತಲ್ಲ, ಆ ಗ್ಯಾಸಿನ ಸೋರಿಕೆ. ಬಾಟ್ಲಿಯಿಂದ ವರ್ಷಕ್ಕೆ ಐದು ಗ್ರಾಂ ಸೋರತ್ತೆ. ಮೂಗು ಚುರುಕಾಗಿದ್ಯಾ ಅಂತ ನೋಡೋಕೆ.’

‘ಈ ಗಾಳಿಮಾತು ಬೇಡ.’

‘ಗಾಳಿ ಮಾತೇ ಬೇ ಇದು. ದೇವ್ರಾಣೆಗೂ ಗಾಳಿದೇ ಮಾತು.’

ಹಾಜಿ ಬಖೀತ್ ನರಳಿದರು. ಶೌಕತ್ ಬೇ ಕಡತದಿಂದ ಕೆಂಪು ಶಾಯಿಯ ಹಾಳೆ ತೆಗೆದು ಮುಂದಿಟ್ಟರು. ‘ನೋಡಿ. ಉಪಕಾರ್ಯದರ್ಶಿಗಳ ಸೀನಿನ ಪ್ರಕರಣ. ಇಂಥ ದಾಖಲೆಯಿರುವವರು ಬರೆದ ಪತ್ರದಲ್ಲಿ ಸೋರಿಕೆಯೆಂದರೆ ಗ್ಯಾಸಿನ ಸೋರಿಕೆಯೆಂದೇ ಅರ್ಥವೆಂದು ನಾನು ನಂಬಬೇಕೇ? ಒಂದೋ ತಾವು ಪ್ರಶ್ನೆಪತ್ರಿಕೆ ಸೋರಿಸುತ್ತಿದ್ದೀರಿ, ಅಥವಾ ಸೋರಿಸುತ್ತಿರುವಂತೆ ಬರೆದು ಇಲಾಖೆಯನ್ನು ಅಣಕಿಸುತ್ತಿದ್ದೀರಿ. ಮೊದಲನೆಯದಕ್ಕೆ ಜೈಲು. ಎರಡನೆಯದಕ್ಕೆ ಫರಾಫ್ರಾ. ನನ್ನ ಅಭಿಪ್ರಾಯ ಎರಡನೆಯದರ ಕಡೆಗಿದೆ. ಇದನ್ನು ದಯೆ ಎಂದು ತಿಳಿಯಿರಿ.’

ಇಷ್ಟು ಉದ್ದದ ವಾಕ್ಯಗಳಿಗೆ ಅವರ ಎದೆ ಒಗ್ಗದು. ಉಸಿರು ಸಿಳ್ಳೆ ಹೊಡೆಯತೊಡಗಿತು. ಕೋಟಿನ ಎಡಗಿಸೆಯಿಂದ ಅಸ್ತಮಾದ ನೀಲಿ ಪಂಪು ತೆಗೆದು, ಅತ್ತ ತಿರುಗಿ, ಉಸ್ ಉಸ್ ಎಂದು ಎರಡು ಸಲ ಎಳೆದುಕೊಂಡು, ಮತ್ತೆ ಕಿಸೆಗಿಟ್ಟರು. ಆ ಹೊತ್ತಿಗೆ ಮಾತ್ರ ಅವರು ಕೋಟು ತೊಟ್ಟ ಕಾನೂನಿನಂತಿರದೆ, ಮನುಷ್ಯರಂತಿದ್ದರು.

‘ನನ್ನನ್ನ ನಂಬ್ಬೇಡಿ ಬೇ,’ ಎಂದಳು ಇನ್ಸಾಫ್. ‘ಯಂತ್ರ ನಂಬಿ. ಇದ್ರ ಮೈಮೇಲೇ ಬರ್ದಿದೆ ನೋಡಿ.’ ಕಪಾಟಿನಿಂದ ನಾಲ್ಕನೇ ಮೂಗನ್ನು ತಂದು ಮೇಜಿನ ಮೇಲಿಟ್ಟಳು. ಎಂಟರಲ್ಲಿ ಅದೇ ಚುರುಕು.

ಅಮ್ಮ್ ರಿಝ್ಕಲ್ಲಾ ಕನ್ನಡಕ ಏರಿಸಿ, ಅದರ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿದರು: ‘ಸೋರಿಕೆ ಪತ್ತೆ ಯಂತ್ರ.’

‘ಏನು?’

‘ಸೋರಿಕೆ ಪತ್ತೆ ಯಂತ್ರ ಅಂತಿದೆ ಬೇ. ಎಂಟರಲ್ಲಿ ನಾಲ್ಕನೇದಂತೆ.’

ಶೌಕತ್ ಬೇ ಮುಖದಲ್ಲಿ ಮೊದಲು ಅಚ್ಚರಿ, ಆಮೇಲೆ ನಗುವಿನಂಥದ್ದೊಂದು ಮೂಡಿತು. ಇಲಾಖೆ ವರ್ಷಗಳಿಂದ ಪೊಲೀಸರನ್ನೂ ಕ್ಯಾಮೆರಾಗಳನ್ನೂ ಇಟ್ಟು ಹುಡುಕುತ್ತಿರುವುದನ್ನು ಹಿಪ್ಪುನೇರಳೆ ಊರಿನ ಟೀಚರಮ್ಮ ಎಂಟು ಬಾತುಕೋಳಿ ಕುತ್ತಿಗೆಗಳಲ್ಲಿ ಹಿಡಿಯುತ್ತಾಳಂತೆ. ಅಣಕಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

‘ಹಾಗಾದರೆ ಪತ್ತೆ ಮಾಡಲಿ,’ ಎಂದರು. ‘ಈ ಕೊಠಡಿಯಲ್ಲಿರುವ ಒಬ್ಬೊಬ್ಬರ ಬಳಿಯೂ ಹಿಡಿಯಿರಿ. ಬರೆದುಕೊಳ್ಳಿ, ರಿಝ್ಕಲ್ಲಾ: ತನಿಖಾಧಿಕಾರಿಗಳ ಆದೇಶದಂತೆ ಯಂತ್ರವನ್ನು ಹಾಜರಿದ್ದವರೆಲ್ಲರ ಮೇಲೆ ಪ್ರಯೋಗಿಸಲಾಯಿತು. ಅದು ಯಾರ ಬಳಿ ಕೂಗುತ್ತದೆಯೋ ಅವರನ್ನೇ ಸೋರಿಕೆಯ ಮೂಲವೆಂದು ದಾಖಲಿಸತಕ್ಕದ್ದು. ಯಾರ ಬಳಿಯೂ ಕೂಗದಿದ್ದರೆ ಅಬ್ಲಾ ಇನ್ಸಾಫ್ ಅವರ ವಿವರಣೆಯು ಕುಚೋದ್ಯವೆಂದು ತೀರ್ಮಾನಿಸತಕ್ಕದ್ದು.’

‘ತಕ್ಕದ್ದು,’ ಎಂದು ಬರೆದು, ಅಮ್ಮ್ ರಿಝ್ಕಲ್ಲಾ ಪುಟದ ಕೆಳಗೆ ಮೊಹರು ಒತ್ತಿದರು.

ಇನ್ಸಾಫ್ ಕೋಣೆಯ ಸುತ್ತ ಕಣ್ಣಾಡಿಸಿದಳು. ಬಾಟಲಿ ಬರಿದು. ಫ್ರಿಜ್ಜುಗಳ ಗ್ಯಾಸನ್ನು ಪರೀಕ್ಷೆಗೆಂದು ನಿನ್ನೆಯೇ ತೆಗೆಸಿ, ಸಿಲಿಂಡರನ್ನು ಹಿತ್ತಲಿನ ಗೋದಾಮಿನಲ್ಲಿಡಿಸಿದ್ದಳು. ಈ ಕೋಣೆಯಲ್ಲಿ ಕೂಗಿಸಲು ಒಂದು ಬೊಗಸೆ ಗ್ಯಾಸೂ ಇಲ್ಲ. ಮೂಗು ಸುಮ್ಮನಿರುತ್ತದೆ, ಸುಮ್ಮನಿದ್ದರೆ ತಾರೀಕು ಬೀಳುತ್ತದೆ. ತಾನೇ ಗಂಟಲಲ್ಲಿ ಕೂಗಿಬಿಡಲೇ ಎಂದೂ ಒಂದು ಗಳಿಗೆ ಅನ್ನಿಸಿತು. ಅವಳ ಚೀರಾಟಕ್ಕೂ ಮೂಗಿನ ಚೀರಾಟಕ್ಕೂ ವ್ಯತ್ಯಾಸ ಹಿಡಿಯಬಲ್ಲ ಕಿವಿ ಜಿಲ್ಲೆಯಲ್ಲಿರಲಿಲ್ಲ. ಆದರೆ ಹಾಗೆ ಮಾಡಿದರೆ ಕೆಂಪು ಶಾಯಿಯ ಹಾಳೆ ನಿಜವಾದಂತೆ. ಅವಳು ತುಟಿ ಒತ್ತಿಹಿಡಿದು ಗುಂಡಿ ಒತ್ತಿದಳು.

ಟಿಕ್. ಟಿಕ್. ಟಿಕ್.

ಮೊದಲು ತನ್ನ ಎದೆಯ ಮೇಲೇ ಹಿಡಿದುಕೊಂಡಳು. ಟಿಕ್, ಟಿಕ್. ಆಮೇಲೆ ಹಾಜಿ ಬಖೀತ್. ಅವರು ರೊಟ್ಟಿ ಹಿಡಿದ ಕೈಯನ್ನೂ ಸೇರಿಸಿ ಎರಡೂ ಕೈ ಮೇಲೆತ್ತಿ ನಿಂತರು.

‘ಹಾಜೀ, ಕೈ ಇಳಿಸಿ. ಇದು ಬಂದೂಕಲ್ಲ.’

‘ಗೊತ್ತು, ಗೊತ್ತು,’ ಎಂದರು, ಇಳಿಸಲಿಲ್ಲ. ಟಿಕ್, ಟಿಕ್.

ಅಮ್ಮ್ ರಿಝ್ಕಲ್ಲಾರ ಮೀಸೆಯ ಸುತ್ತ ಸುತ್ತಾಡಿಸಿದಳು. ಟಿಕ್, ಟಿಕ್. ಅವರು ಕತ್ತು ಚಾಚಿ ಸಹಕರಿಸುತ್ತಲೇ ‘ಗುಮಾಸ್ತನ ಬಳಿ ಕೂಗಲಿಲ್ಲ’ ಎಂದು ಬರೆದರು.

ಉಳಿದದ್ದು ಒಬ್ಬರೇ. ಅವರಿಗೆ ಹಿಡಿಯುವುದು ಉದ್ಧಟತನವಾದೀತೆಂದು ಅವಳು ಕೈ ಇಳಿಸಿದಳು.

‘ನಿಲ್ಲಿಸಬೇಡಿ,’ ಎಂದರು ಶೌಕತ್ ಬೇ, ಗೆದ್ದವರ ದೊಡ್ಡತನದಲ್ಲಿ. ‘ಹಾಜರಿದ್ದವರೆಲ್ಲರ ಮೇಲೆ ಎಂದಿದ್ದೇನೆ. ಕಾನೂನಿನ ಮುಂದೆ ನಾನೂ ಎಲ್ಲರಂತೆಯೇ.’

ಇನ್ಸಾಫ್ ಯಂತ್ರದ ಕುತ್ತಿಗೆಯನ್ನು ಅವರ ಕೋಟಿನತ್ತ ಬಾಗಿಸಿದಳು. ಟಿಕ್. ಟಿಕ್. ಬಲಗಿಸೆ. ಟಿಕ್. ಗುಂಡಿಗಳು. ಟಿಕ್ ಟಿಕ್. ಎಡಗಿಸೆ.

ಮೂಗು ಚೀರಿತು.

ಅಂತಿಂಥ ಚೀರಾಟವಲ್ಲ. ಹೊರಗೆ ಹಿಪ್ಪುನೇರಳೆ ಮರದ ಕಾಗೆಗಳು ಎದ್ದು ಹಾರಿದವು. ಶೌಕತ್ ಬೇ ಕುರ್ಚಿಯೊಡನೆ ಹಿಂದೆ ಜರುಗಿದರು. ಅವಳು ಗಾಬರಿಯಲ್ಲಿ ಮುಂದೆ ಬಾಗಿದಳು. ಚೀರಾಟವೂ ಜೊತೆಗೇ ಬಂತು. ಅವರು ಬಾಯಿ ತೆರೆದರು. ಬಾಯಿಯ ಮುಂದೆ ಮೂಗು ಇನ್ನೂ ಒಂದು ಸ್ವರ ಏರಿತು.

‘ಏ, ಏನ್ರೀ ಇದು, ತೆಗೀರಿ ಆಕಡೆ,’ ಎಂದರು ಶೌಕತ್ ಬೇ. ವಿಭಕ್ತಿಗಳೆಲ್ಲ ಒಟ್ಟಿಗೇ ರಾಜೀನಾಮೆ ಕೊಟ್ಟಿದ್ದವು.

ಅವಳು ಗುಂಡಿ ಒತ್ತಿ ನಿಲ್ಲಿಸಿದಳು. ಪೆನ್ನಿನ ಸರಸರ ಮಾತ್ರ ನಿಲ್ಲಲಿಲ್ಲ.

‘ಏನ್ ಬರೀತಿದೀರಿ ಅಮ್ಮ್ ರಿಝ್ಕಲ್ಲಾ?’

‘ತಾವು ಹೇಳಿದ್ದನ್ನೇ ಬೇ. ಯಂತ್ರವು ಮಾನ್ಯ ತನಿಖಾಧಿಕಾರಿಗಳ ಎದೆಯ ಬಳಿ ಜೋರಾಗಿಯೂ ಬಾಯಿಯ ಬಳಿ ಇನ್ನೂ ಜೋರಾಗಿಯೂ ಕೂಗಿತು. ಆದೇಶದಂತೆ ಮಾನ್ಯ ತನಿಖಾಧಿಕಾರಿಗಳನ್ನೇ ಸೋರಿಕೆಯ ಮೂಲವೆಂದು...’

‘ಹೊಡ್ದಾಕಿ ಅದನ್ನ.’

‘ಆಗಲ್ಲ ಬೇ. ಪುಟಕ್ಕೆ ನಂಬರಿದೆ, ಮೊಹರಿದೆ. ಹೊಡ್ದಾಕಿದ್ರೆ, ಯಾಕೆ ಹೊಡ್ದಾಕಿದ್ದು ಅಂತ ಇನ್ನೊಂದು ತನಿಖೆ ಆಗತ್ತೆ. ಅದಕ್ಕೂ ನನ್ನನ್ನೇ ಕಳಿಸ್ತಾರೆ.’

‘ಬೇ, ತಮ್ಮ ಮೇಲೂ ತನಿಖೆ ಬರತ್ತಾ, ಬರತ್ತಾ?’ ಎಂದು ಹಾಜಿ ಬಖೀತ್ ನಿಜವಾದ ಕನಿಕರದಿಂದ ಕೇಳಿದರು. ಕೈಗಳು ಈಗಲೂ ಮೇಲೇ ಇದ್ದವು.

ಶೌಕತ್ ಬೇ ಬೆವರು ಒರೆಸಿಕೊಂಡರು. ಭಾನುವಾರ ಭೌತಶಾಸ್ತ್ರ. ಗುರುವಾರದ ತಾರೀಕಿನಲ್ಲಿ, ಮೊಹರಿನ ಕೆಳಗೆ, ಶಿಕ್ಷಣ ಕಚೇರಿಯ ಲೀಗಲ್ ಅಧಿಕಾರಿಯೇ ಸೋರಿಕೆಯ ಮೂಲ. ಇದು ಮೇಲಿನವರ ಕಣ್ಣಿಗೆ ಬಿದ್ದರೆ ಫರಾಫ್ರಾವೂ ಹತ್ತಿರದ ಊರು ಅನ್ನಿಸಿಬಿಡುತ್ತದೆ. ಉಸಿರು ಮತ್ತೆ ಸಿಳ್ಳೆ ಹಾಕಿತು. ಕೈ ಎಡಗಿಸೆಗೆ ಹೋಯಿತು. ಉಸ್.

ಇನ್ಸಾಫ್ ಆ ನೀಲಿ ಪಂಪನ್ನು ಆಗಲೇ ಸರಿಯಾಗಿ ನೋಡಿದ್ದು.

‘ಬೇ, ಅದನ್ನ ಒಂಚೂರು ಕೊಡ್ತೀರಾ?’

ಪಂಪಿನೊಳಗಿನ ಸಣ್ಣ ಡಬ್ಬಿಯನ್ನು ಹೊರಗೆಳೆದು, ಅದರ ಇರುವೆಯಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದಳು. ಔಷಧಿ ಇಷ್ಟು, ಅದನ್ನು ಎದೆಗೆ ಊದುವ ಗ್ಯಾಸು, ನೂರ ಮೂವತ್ತನಾಲ್ಕು ಎ. ಅದನ್ನು ಓದುತ್ತಿದ್ದಂತೆ ಅವಳ ಹೊಟ್ಟೆಯಲ್ಲಿ ನಗುವೊಂದು ಸೀನಿನಂತೆ ನೆಲಮಾಳಿಗೆಯಿಂದ ಮೇಲೇಳತೊಡಗಿತು. ಶಾಲೆಯ ಫ್ರಿಜ್ಜುಗಳಲ್ಲಿ ತುಂಬುವುದೂ ಅದೇ ಗ್ಯಾಸು. ಹದಿನೆಂಟು ವರ್ಷ ಹುಡುಗರಿಗೆ ಅದರ ಹೆಸರು ಬಾಯಿಪಾಠ ಮಾಡಿಸಿದ್ದಳು.

ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮೂಗು ಕೂಗಿದೆ, ಮೊಹರು ಬಿದ್ದಿದೆ, ಆದೇಶ ಅವರದೇ. ಶೌಕತ್ ಬೇ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಈಗ ಕೋಟೂ ಇರಲಿಲ್ಲ, ಕಾನೂನೂ ಇರಲಿಲ್ಲ.

‘ಬೇ,’ ಎಂದಳು, ‘ಸೋರಿಕೆ ಅಂದ್ರೆ ಏನು?’

‘ಅಂದ್ರೆ?’

‘ನೀವೇ ಹೇಳ್ಬೇಕು. ನಾನು ಹೇಳಿದ್ರೆ ಅಣಕ ಆಗತ್ತೆ. ಸೋರಿಕೆ ಅಂದ್ರೆ ಪ್ರಶ್ನೆಪತ್ರಿಕೆ ಆದ್ರೆ, ಅದು ನಿಮ್ಮ ಕಿಸೆಯಲ್ಲಿ ಸಿಕ್ತು. ಸೋರಿಕೆ ಅಂದ್ರೆ ಗ್ಯಾಸ್ ಆದ್ರೆ, ಅದೂ ನಿಮ್ಮ ಕಿಸೆಯಲ್ಲೇ ಸಿಕ್ತು. ಈ ಪಂಪಲ್ಲಿರೋದು, ಫ್ರಿಜ್ಜಲ್ಲಿರೋದು ಒಂದೇ ಗ್ಯಾಸು. ಈಗಷ್ಟೇ ಎಳ್ಕೊಂಡ್ರಲ್ಲ, ನಿಮ್ಮ ಉಸಿರಲ್ಲೂ ಇದೆ. ಯಾವ್ದು ಬರೀಬೇಕು ಅಂತ ಅಮ್ಮ್ ರಿಝ್ಕಲ್ಲಾ ಕಾಯ್ತಿದಾರೆ.’

ಅಮ್ಮ್ ರಿಝ್ಕಲ್ಲಾ ನಿಜಕ್ಕೂ ಕಾಯುತ್ತಿದ್ದರು. ಪೆನ್ನಿನ ತುದಿ ಕಾಗದದಿಂದ ಒಂದು ಕೂದಲೆಳೆ ಮೇಲಿತ್ತು.

ಶೌಕತ್ ಬೇ ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು. ವಿಭಕ್ತಿಗಳು ಒಂದೊಂದಾಗಿ ಕೆಲಸಕ್ಕೆ ಮರಳಿದವು.

‘ಬರೆದುಕೊಳ್ಳಿ. ತನಿಖಾಧಿಕಾರಿಗಳು ಕೂಲಂಕಷವಾಗಿ ಪರಿಶೀಲಿಸಲಾಗಿ, ಸೋರಿಕೆ ಎಂಬ ಪದಕ್ಕೆ ಶೈತ್ಯ ವಿಭಾಗದಲ್ಲಿ ಗ್ಯಾಸಿನ ಸೋರಿಕೆ ಎಂಬುದೊಂದೇ ಅರ್ಥವೆಂದೂ, ಸದರಿ ಗ್ಯಾಸು ಫ್ರಿಜ್ಜುಗಳಲ್ಲಿಯೂ ಗೌರವಾನ್ವಿತ ರೋಗಿಗಳ ಔಷಧಿಯಲ್ಲಿಯೂ ಇರತಕ್ಕದ್ದೆಂದೂ, ಅಬ್ಲಾ ಇನ್ಸಾಫ್ ಅವರ ಪತ್ರದಲ್ಲಿ ಯಾವುದೇ ಅಪರಾಧವಾಗಲಿ, ಯಾವುದೇ...’ ಇಲ್ಲಿ ಅವರಿಗೆ ಸ್ವಲ್ಪ ಕಷ್ಟವಾಯಿತು, ‘ಯಾವುದೇ ಹಾಸ್ಯವಾಗಲಿ ಇಲ್ಲವೆಂದೂ ಖಚಿತಪಟ್ಟಿದೆ.’

‘ಇಲ್ಲ, ಇಲ್ಲ,’ ಎಂದು ಹಾಜಿ ಬಖೀತ್ ಕೈ ಇಳಿಸಿದರು. ರೊಟ್ಟಿಯ ಬೀನ್ಸು ಅಷ್ಟರಲ್ಲಿ ತೋಳಿನ ಒಳಗೆ ಮೊಣಕೈವರೆಗೂ ಸೋರಿತ್ತು.

ಟೈಪಾಗಿದ್ದ ವರ್ಗಾವಣೆ ಪತ್ರವನ್ನು ಶೌಕತ್ ಬೇ ನಾಲ್ಕು ಮಡಿಕೆ ಮಾಡಿ ಕೋಟಿನ ಬಲಗಿಸೆಗೆ ಹಾಕಿಕೊಂಡರು. ಹೊಸ ಬಾಟಲಿ ಮಂಜೂರು ಎಂದು ಅವಳ ಪತ್ರದ ಅಂಚಿನಲ್ಲೇ ಬರೆದು ಸಹಿ ಹಾಕಿದರು. ‘ಸೋರಿಕೆ’ ಎಂದಿದ್ದ ಕಡೆಯಲ್ಲೆಲ್ಲ ಮುಂದೆ ‘ಗ್ಯಾಸಿನ’ ಎಂದು ತಾವೇ ಸೇರಿಸಿದರು. ತಲೆಬರಹದಲ್ಲಿ ಎರಡು ಸಲ ಸೇರಿಸಿದರು, ಹಾಜಿ ಬಖೀತರ ಗಾಳಿ ಬಡಿದವರಂತೆ.

‘ಬಾಟ್ಲಿ ಬರೋಕೆ ಹದಿನೈದು ದಿನ ಆಗತ್ತೆ ಬೇ,’ ಎಂದಳು ಇನ್ಸಾಫ್. ‘ಸೋಮವಾರ ಹುಡುಗ್ರ ಪರೀಕ್ಷೆ. ಅಷ್ಟ್ರೊಳಗೆ ಮೂಗು ನೋಡ್ಬೇಕು.’

‘ಅದಕ್ಕೆ ನಾನೇನು ಮಾಡಬೇಕು?’

ಅವಳು ಪಂಪನ್ನು ಅವರ ಕೈಗೆ ವಾಪಸು ಕೊಡುತ್ತ, ಬಹಳ ಮರ್ಯಾದೆಯಿಂದ ಹೇಳಿದಳು. ‘ಪಂಪು ಒಂದ್ಸಲ ಒತ್ತಿದ್ರೆ ಬರೋದು ಯಾವಾಗ್ಲೂ ಅಷ್ಟೇ ಅಳತೆ. ಆ ಖಾಲಿ ಡ್ರಮ್ಮಿದೆಯಲ್ಲ, ಅದ್ರೊಳಗೆ ಒಂದೇ ಒಂದು ಉಸ್. ಆಮೇಲೆ ಮುಚ್ಚಳ ಹಾಕಿ, ಒಂದೊಂದೇ ಮೂಗನ್ನ ತೂತಿಂದ ಒಳಗೆ ಬಿಡ್ತೀನಿ. ಹೊಸ ಗಾಳಿ ಸೇರಿಸ್ತಾ ಸೇರಿಸ್ತಾ ತೆಳು ಮಾಡ್ತೀನಿ. ಕೊನೇವರೆಗೂ ಯಾವ್ದು ಕೂಗತ್ತೋ ಅದೇ ಚುರುಕು. ಬಾಟ್ಲಿಯಷ್ಟು ಪಕ್ಕಾ ಅಲ್ಲ. ಆದ್ರೆ ಹುಡುಗ್ರ ಕೈಗೆ ಸತ್ತ ಮೂಗು ಕೊಡೋ ಪಾಪ ತಪ್ಪತ್ತೆ.’

ಹೀಗೆ, ಅಪರಾಧ ಪತ್ತೆಗೆಂದು ಬಂದ ಶೌಕತ್ ಬೇ, ಇನ್ನೂರು ಲೀಟರಿನ ಡ್ರಮ್ಮಿನ ಬಾಯಿಗೆ ಬಗ್ಗಿ, ಒಂದು ಉಸ್ ಕೊಟ್ಟರು. ಅಮ್ಮ್ ರಿಝ್ಕಲ್ಲಾ ಸಮಯ ಬರೆದುಕೊಂಡರು. ಚಹಾ ಬಂತು. ಮೂಗುಗಳು ಒಂದೊಂದಾಗಿ ಡ್ರಮ್ಮಿಗಿಳಿದವು. ಐದು ಕೂಗಿದವು, ಎರಡು ಗೊಣಗಿದವು, ಏಳನೇ ನಂಬರಿನ ಮೂಗು ಏನೂ ಅನ್ನಲಿಲ್ಲ. ಏಳನೆಯದರ ಮೊನೆಯನ್ನು ಇನ್ಸಾಫ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ಬದಲಿಸಿ ಮತ್ತೆ ಬಿಟ್ಟಳು.

‘ಇದ್ಯಾಕೋ ಸುಮ್ನಿದೆ ಬೇ. ಇನ್ನೊಂದ್ಸಲ ಸೋರ್ತೀರಾ?’

ಶೌಕತ್ ಬೇ ಅವಳ ಮುಖವನ್ನು ಅನುಮಾನದಿಂದ ನೋಡಿದರು. ಅಲ್ಲಿ ಇಪ್ಪತ್ತೆರಡು ಹುಡುಗರ ಸೋಮವಾರದ ಚಿಂತೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಬಗ್ಗಿ, ಮತ್ತೊಂದು ಉಸ್ ಕೊಟ್ಟರು. ಏಳನೆಯದು ಟಿಕ್ ಎಂದಿತು, ಯೋಚಿಸಿತು, ಕೂಗಿತು. ಶೌಕತ್ ಬೇ ತಮಗೇ ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದರು. ಅದನ್ನೂ ಬರೆದುಕೊಳ್ಳಲಾಯಿತು.

ಕೊನೆಗೆ ಇನ್ಸಾಫ್ ವರ್ಕ್‌ಶಾಪಿನ ಪರೀಕ್ಷಾ ಪುಸ್ತಕ ತೆಗೆದು ಎಂಟು ಮೂಗುಗಳ ಫಲಿತಾಂಶ ಬರೆದಳು. ಬಲಗಡೆಯ ಅಂಕಣದಲ್ಲಿ ಅವಳ ಪೆನ್ನು ನಿಂತಿತು. ಅಲ್ಲಿ ಬರೆಯಬೇಕಾಗಿದ್ದದ್ದು: ಸೋರಿಕೆಯ ಮೂಲ.

‘ಅಬ್ಲಾ,’ ಎಂದರು ಶೌಕತ್ ಬೇ ಮೆಲ್ಲಗೆ, ‘ನನ್ನ ಹೆಸ್ರು ಬೇಡ. ದಯವಿಟ್ಟು.’

‘ಹೆಸ್ರು ಯಾಕೆ ಬೇ,’ ಎಂದು ಅವಳು ಬರೆದು, ಪುಸ್ತಕವನ್ನು ಅವರ ಕಡೆ ತಿರುಗಿಸಿದಳು.

‘ಜಿಲ್ಲಾ ಶಿಕ್ಷಣ ಕಚೇರಿಯಿಂದ ಖುದ್ದಾಗಿ ಬಂದದ್ದು.’

ಶೌಕತ್ ಬೇ ಅದನ್ನು ಮೂರು ಸಲ ಓದಿದರು. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಬೆಳಕಿಗೆ ಹಿಡಿದು ಒಮ್ಮೆ. ಒಂದೊಂದು ಪದವೂ ಸತ್ಯವಾಗಿತ್ತು. ಆಕ್ಷೇಪಿಸಲು ಏನೂ ಸಿಗದೆ, ಕೆಳಗೆ ಸಹಿ ಹಾಕಿದರು.

‘ಇದರಲ್ಲಿ ಹಾಸ್ಯವೇನೂ ಇಲ್ಲ ತಾನೇ?’ ಎಂದು ಬಾಗಿಲಲ್ಲಿ ತಿರುಗಿ ನಿಂತು ಕೇಳಿದರು.

‘ಒಂದು ಗ್ರಾಂ ಕೂಡ ಇಲ್ಲ ಬೇ,’ ಎಂದಳು ಇನ್ಸಾಫ್.